ಸಿಬಿಸಿ ಚೀಟಿಯಲ್ಲೇ ಇರುವ ಸುಳಿವು: ಬೆಂಗಳೂರಿನಲ್ಲಿ ಥಲಸ್ಸೇಮಿಯಾ ಪತ್ತೆ ತಡವಾಗುವುದೆಲ್ಲಿ

ಗರ್ಭಿಣಿಯ ಮೊದಲ ರಕ್ತ ಪರೀಕ್ಷೆಯ, ಅಂದರೆ ರಕ್ತಕಣಗಳನ್ನು ಎಣಿಸುವ ಸಿಬಿಸಿಯ ಚೀಟಿ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಹಿಮೋಗ್ಲೋಬಿನ್ ಸಾಲಿಗೆ. ಅಲ್ಲಿ 11ಕ್ಕಿಂತ ಕಡಿಮೆ ಕಂಡರೆ ‘ರಕ್ತ ಕಡಿಮೆ ಇದೆ’ ಎಂದು ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ. ಮನೆಯವರು ಸೊಪ್ಪು, ಬೆಲ್ಲ, ಖರ್ಜೂರ ತಿನ್ನಿಸುತ್ತಾರೆ. ತಿಂಗಳು ಬಿಟ್ಟು ಮತ್ತೆ ಬನ್ನಿ ಎನ್ನುತ್ತಾರೆ. ಅದೇ ಚೀಟಿಯಲ್ಲಿ ಕೆಳಗಿರುವ ಮೂರು ಅಂಕಿಗಳನ್ನು ಆ ದಿನವೇ ಓದಿದ್ದರೆ ಆ ತಿಂಗಳು ಉಳಿಯುತ್ತಿತ್ತು. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ ಥಲಸ್ಸೇಮಿಯಾದ ವಿಷಯದಲ್ಲಿ ಒಂದು ತಿಂಗಳು ಎಂದರೆ ಬಹಳ ದೊಡ್ಡ ಅವಧಿ.

ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಅಂಕಿಗಳು ಉದಾಹರಣೆಗಾಗಿ ಬರೆದವು, ಆದರೆ ಯಾವುದೇ ಲ್ಯಾಬಿನಲ್ಲಿ ದಿನವೂ ಕಾಣುವಂಥವು. ಮೊದಲನೆಯವರ ಹಿಮೋಗ್ಲೋಬಿನ್ 9.2, ಕೆಂಪು ರಕ್ತಕಣಗಳ ಸಂಖ್ಯೆ 39 ಲಕ್ಷ, ಕಣದ ಸರಾಸರಿ ಗಾತ್ರ ಅಂದರೆ ಎಂಸಿವಿ 72, ಒಂದು ಕಣದೊಳಗಿನ ಹಿಮೋಗ್ಲೋಬಿನ್ ಪ್ರಮಾಣ ಅಂದರೆ ಎಂಸಿಎಚ್ 23.6. ಎರಡನೆಯವರ ಹಿಮೋಗ್ಲೋಬಿನ್ 10.4, ಕಣಗಳು 56 ಲಕ್ಷ, ಎಂಸಿವಿ 62, ಎಂಸಿಎಚ್ 18.6. ಮೇಲಿನ ಸಾಲನ್ನಷ್ಟೇ ನೋಡಿದರೆ ಎರಡನೆಯವರೇ ಹೆಚ್ಚು ಆರೋಗ್ಯವಂತರು. ಕೆಳಗಿನ ಸಾಲುಗಳು ಬೇರೆಯದನ್ನೇ ಹೇಳುತ್ತವೆ. ಕಬ್ಬಿಣ ಸಾಲದಾಗ ಕಣಗಳು ಚಿಕ್ಕದಾಗುವುದರ ಜೊತೆಗೆ ಅವುಗಳ ಸಂಖ್ಯೆಯೂ ಇಳಿಯುತ್ತದೆ, ಕಚ್ಚಾ ಸಾಮಗ್ರಿಯೇ ಇಲ್ಲವಲ್ಲ. ಎರಡನೆಯವರಲ್ಲಿ ಕಣಗಳು ತೀರಾ ಚಿಕ್ಕವು, ಸಂಖ್ಯೆ ಮಾತ್ರ ಮಾಮೂಲಿಗಿಂತ ಹೆಚ್ಚು. ಎಂಸಿವಿಯನ್ನು ಮಿಲಿಯನ್‌ಗಳಲ್ಲಿ ಬರೆದ ಕಣಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯದು 72 ಭಾಗಿಸು 3.9, ಅಂದರೆ 18ರ ಮೇಲೆ. ಎರಡನೆಯದು 62 ಭಾಗಿಸು 5.6, ಅಂದರೆ 11. ಇದಕ್ಕೆ ಮೆಂಟ್ಜರ್ ಸೂಚ್ಯಂಕ ಎನ್ನುತ್ತಾರೆ. 13ಕ್ಕಿಂತ ಕಡಿಮೆ ಬಂದರೆ ಬೀಟಾ ಥಲಸ್ಸೇಮಿಯಾ ವಾಹಕ, ಅಂದರೆ ಒಂದು ಕೆಟ್ಟ ಜೀನ್ ಹೊತ್ತೂ ತಾನು ಆರೋಗ್ಯವಾಗಿರುವವರು, ಇರಬಹುದೆಂಬ ಅನುಮಾನ ಬರಲೇಬೇಕು. ಇದು ಅನುಮಾನವಷ್ಟೇ, ನಿರ್ಣಯವಲ್ಲ. ಕಬ್ಬಿಣದ ಕೊರತೆಯೂ ವಾಹಕತ್ವವೂ ಒಟ್ಟಿಗೇ ಇರುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರಲ್ಲಿ ಈ ಭಾಗಾಕಾರ ಕೈಕೊಡುತ್ತದೆ. ಹಾಗಾಗಿ ಎಂಸಿವಿ 80ಕ್ಕಿಂತ ಕಡಿಮೆ ಅಥವಾ ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ, ಸೂಚ್ಯಂಕ ಎಷ್ಟೇ ಬರಲಿ, ಮುಂದಿನ ಪರೀಕ್ಷೆ ಮಾಡಿಸುವುದೇ ಸರಿ.

ಕಣ ಚಿಕ್ಕದಾಗಿ ಸಂಖ್ಯೆ ಏಕೆ ಏರುತ್ತದೆ ಎಂಬುದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಬ್ರಿಟಿಷ್ ವೈದ್ಯ ಡೇವಿಡ್ ವೆದರಾಲ್. 1933ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಅವರು 1950ರ ದಶಕದ ಕೊನೆಯಲ್ಲಿ ಕಡ್ಡಾಯ ಸೇನಾ ಸೇವೆಗೆಂದು ಸಿಂಗಪುರಕ್ಕೆ ಹೋದರು. ಅಲ್ಲಿ ಅವರ ಕೈಗೆ ಬಂದದ್ದು ಗೂರ್ಖಾ ಸೈನಿಕನೊಬ್ಬನ ಪುಟ್ಟ ಮಗಳು. ರಕ್ತ ಕೊಡುತ್ತಲೇ ಇದ್ದರೆ ಮಾತ್ರ ಬದುಕಿರುವಂಥ ಸ್ಥಿತಿ, ಕಾರಣ ಯಾರಿಗೂ ತಿಳಿದಿರಲಿಲ್ಲ. ಅದು ಥಲಸ್ಸೇಮಿಯಾ ಎಂದು ಅವರು ಗುರುತಿಸಿದರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರ ಕಾಯಿಲೆ ಎಂದು ಆಗ ಪುಸ್ತಕಗಳಲ್ಲಿ ಬರೆದಿದ್ದ ರೋಗ ಹಿಮಾಲಯದ ಕುಟುಂಬವೊಂದರಲ್ಲಿ ಕಂಡಿತ್ತು. ಆ ಒಂದು ಮಗು ಅವರ ಮುಂದಿನ ಅರ್ಧ ಶತಮಾನದ ಕೆಲಸದ ದಿಕ್ಕನ್ನು ಗೊತ್ತುಮಾಡಿತು.

ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳು ಜೋಡಿಯಾಗಿರುತ್ತವೆ. ಆಲ್ಫಾಗೆ 16ನೇ ವರ್ಣತಂತುವಿನಲ್ಲಿ ನಾಲ್ಕು ಜೀನ್‌ಗಳು, ಬೀಟಾಗೆ 11ನೇ ವರ್ಣತಂತುವಿನಲ್ಲಿ ಎರಡು. ಎರಡೂ ಸರಪಳಿಗಳು ಸರಿಸಮ ಪ್ರಮಾಣದಲ್ಲಿ ತಯಾರಾಗಬೇಕು. ಇದನ್ನು ಅಳೆದು ತೋರಿಸುವುದು ಹೇಗೆ? 1965ರಲ್ಲಿ ವೆದರಾಲ್, ಜಾನ್ ಕ್ಲೆಗ್ ಮತ್ತು ಮೈಕ್ ನಾಟನ್ ಮಾಡಿದ ಪ್ರಯೋಗ ಹೀಗಿತ್ತು. ರೋಗಿಯ ಎಳೆಯ ಕೆಂಪುಕಣಗಳನ್ನು ವಿಕಿರಣಶೀಲ ಅಮೈನೋ ಆಮ್ಲದ ಜೊತೆ ಇರಿಸಿದರು. ಹೊಸದಾಗಿ ತಯಾರಾದ ಪ್ರತಿ ಸರಪಳಿಗೂ ಆ ಗುರುತು ಅಂಟಿಕೊಂಡಿತು. ನಂತರ ಗಾಢ ಯೂರಿಯಾ ದ್ರಾವಣದಲ್ಲಿ ಸರಪಳಿಗಳನ್ನು ಬಿಡಿಸಿ, ಸೆಲ್ಯುಲೋಸ್ ತುಂಬಿದ ಗಾಜಿನ ಕೊಳವೆಯ ಮೂಲಕ ಹಾಯಿಸಿ ಆಲ್ಫಾ, ಬೀಟಾಗಳನ್ನು ಬೇರೆಬೇರೆ ಮಾಡಿ ಎಣಿಸಿದರು. ಬೀಟಾ ಥಲಸ್ಸೇಮಿಯಾದಲ್ಲಿ ಬೀಟಾ ಕಡಿಮೆ ಇತ್ತು. ಅದಕ್ಕಿಂತ ಮುಖ್ಯವಾದ ಸಂಗತಿ, ಆಲ್ಫಾ ಎಂದಿನಂತೆ ತಯಾರಾಗುತ್ತಲೇ ಇತ್ತು. ಜೋಡಿ ಸಿಗದ ಆಲ್ಫಾ ಸರಪಳಿಗಳು ಕಣದೊಳಗೇ ಗಡ್ಡೆಕಟ್ಟಿ ಅದರ ಪೊರೆಯನ್ನು ಹಾಳುಮಾಡುತ್ತವೆ. ಬಹುಪಾಲು ಕಣಗಳು ಮಜ್ಜೆಯಿಂದ ಹೊರಬರುವ ಮೊದಲೇ ಸಾಯುತ್ತವೆ.

ಅಂದರೆ ರೋಗಕ್ಕೆ ಕಾರಣ ಕೊರತೆಗಿಂತ ಹೆಚ್ಚಾಗಿ ಅಸಮತೋಲನ. ಈ ಮಾತು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಬೀಟಾ ಜೀನ್ ಕೆಟ್ಟ ವಾಹಕರಲ್ಲಿ ಕಣಗಳಿಗೆ ತುಂಬಿಸಲು ಹಿಮೋಗ್ಲೋಬಿನ್ ಸಾಲದು, ದೇಹ ಚಿಕ್ಕ ಚಿಕ್ಕ ಕಣಗಳನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡಿ ಸರಿದೂಗಿಸುತ್ತದೆ. ಬೀಟಾ ಕಡಿಮೆಯಾದಾಗ ಡೆಲ್ಟಾ ಎಂಬ ಇನ್ನೊಂದು ಸರಪಳಿಗೆ ಆಲ್ಫಾ ಹೆಚ್ಚು ಸಿಗುತ್ತದೆ, ಆದ್ದರಿಂದ ಆಲ್ಫಾ, ಡೆಲ್ಟಾ ಸೇರಿ ಆಗುವ ಹಿಮೋಗ್ಲೋಬಿನ್ ಎ2 ಏರುತ್ತದೆ. ಮಗುವಿಗೆ ಹುಟ್ಟಿದಾಗ ಏನೂ ತೊಂದರೆ ಕಾಣದೆ ಆರು ತಿಂಗಳ ನಂತರ ಬಿಳಿಚಿಕೊಳ್ಳಲು ಶುರುವಾಗುವುದಕ್ಕೂ ಇದೇ ಕಾರಣ: ಅಲ್ಲಿಯವರೆಗೆ ಗಾಮಾ ಸರಪಳಿಯಿಂದಾದ ಭ್ರೂಣದ ಹಿಮೋಗ್ಲೋಬಿನ್ ಆಲ್ಫಾಗೆ ಜೊತೆ ಕೊಟ್ಟಿರುತ್ತದೆ. ಎರಡೂ ಬೀಟಾ ಜೀನ್ ಕೆಟ್ಟಿದ್ದರೂ ಕೆಲವರು ರಕ್ತವಿಲ್ಲದೆ ದಶಕಗಟ್ಟಲೆ ಬದುಕುವುದುಂಟು. ಅವರಲ್ಲಿ ಆಲ್ಫಾ ಜೀನ್ ಕೂಡ ಒಂದೆರಡು ಕಳೆದುಹೋಗಿರುತ್ತದೆ, ಅಥವಾ ಗಾಮಾ ಸರಪಳಿ ದೊಡ್ಡವರಾದ ಮೇಲೂ ತಯಾರಾಗುತ್ತಲೇ ಇರುತ್ತದೆ. ಎರಡು ದಾರಿಯಲ್ಲೂ ತಕ್ಕಡಿ ಸ್ವಲ್ಪ ಸಮವಾಗುತ್ತದೆ. 2018ರಲ್ಲಿ ವೆದರಾಲ್ ತೀರಿಕೊಂಡಾಗ, ಅವರು ಆಕ್ಸ್‌ಫರ್ಡ್‌ನಲ್ಲಿ ಕಟ್ಟಿದ ಅಣು ವೈದ್ಯಕೀಯ (ಮಾಲಿಕ್ಯುಲರ್ ಮೆಡಿಸಿನ್) ಸಂಸ್ಥೆ ಅವರ ಹೆಸರಿನಲ್ಲೇ ನಡೆಯುತ್ತಿತ್ತು.

ಬೆಂಗಳೂರಿಗೆ ಬರೋಣ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ವಾಹಕರು ಸರಾಸರಿ ನೂರಕ್ಕೆ ಮೂರ್ನಾಲ್ಕು ಮಂದಿ ಎಂಬ ಅಂದಾಜಿದೆ. ವರ್ಷಕ್ಕೆ ಸುಮಾರು 10,000 ಮಕ್ಕಳು ತೀವ್ರ ರೂಪದ ಥಲಸ್ಸೇಮಿಯಾದೊಂದಿಗೆ ಹುಟ್ಟುತ್ತಾರೆ ಎಂದು ಲೆಕ್ಕ ಹಾಕಲಾಗಿದೆ. ಸರಾಸರಿ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಸಿಂಧಿ, ಪಂಜಾಬಿ, ಲೋಹಾಣ ಮೊದಲಾದ ಸಮುದಾಯಗಳಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಇದನ್ನು ಕೇಳಿ ‘ಹಾಗಾದರೆ ನಮ್ಮವರಲ್ಲಿ ಇಲ್ಲ’ ಎನ್ನುವವರಿದ್ದಾರೆ. ಇದ್ದೇ ಇದೆ. ಮೇಲಾಗಿ ನಮ್ಮಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಹಳೆಯದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ತಪಾಸಣೆ ನಡೆದಾಗ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದು ಎಂದು ಕಂಡಿತ್ತು. ಅಜ್ಜನಿಂದ ಬಂದ ಒಂದೇ ಕೆಟ್ಟ ಜೀನ್ ಗಂಡ, ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಇಂಥ ಮದುವೆಗಳಲ್ಲಿ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗು ಚೆನ್ನಾಗಿದ್ದರೆ ಎರಡನೆಯದಕ್ಕೆ ಭಯವಿಲ್ಲ ಎಂಬುದು ತಪ್ಪು ಲೆಕ್ಕ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಹಾಗಾದರೆ ತಡವಾಗುವುದೆಲ್ಲಿ? ವಾರಗಳ ಲೆಕ್ಕದಲ್ಲೇ ನೋಡಬೇಕು. ಒಬ್ಬಾಕೆ 14ನೇ ವಾರದಲ್ಲಿ ತಾಯಿ ಕಾರ್ಡ್ ಮಾಡಿಸಿಕೊಂಡಳು ಎನ್ನೋಣ. ಹಿಮೋಗ್ಲೋಬಿನ್ 10.4. ದಿನಕ್ಕೊಂದರಂತೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸಿಕ್ಕಿತು. 18ನೇ ವಾರದಲ್ಲಿ ನೋಡಿದರೆ ಹಿಮೋಗ್ಲೋಬಿನ್ ಅಲ್ಲೇ ನಿಂತಿದೆ. ಆಗ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬರೆದರು, ವರದಿ 19ನೇ ವಾರ ಬಂತು, ಎ2 ಪ್ರಮಾಣ 5.2 ಶೇಕಡಾ, ಅಂದರೆ ವಾಹಕಿ. ‘ಗಂಡನನ್ನು ಕರೆದುಕೊಂಡು ಬಾ’ ಎಂದರು. ಗಂಡ ಕೆಲಸಕ್ಕೆಂದು ಬೇರೆ ಊರಲ್ಲಿದ್ದಾನೆ, ಅಥವಾ ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ಅವನ ವರದಿ ಬರುವಷ್ಟರಲ್ಲಿ 21 ವಾರ. ಅವನೂ ವಾಹಕ. ಇಬ್ಬರ ಡಿಎನ್‌ಎ ಪರೀಕ್ಷೆಗೆ ಹತ್ತು ಹದಿನೈದು ದಿನ. 23ನೇ ವಾರದಲ್ಲಿ ಗರ್ಭಜಲದ ಮಾದರಿ ತೆಗೆದರೆ ಉತ್ತರ ಬರುವುದು 25ಕ್ಕೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24ರವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರದ್ದು ಬೇಕು. 24 ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಆ ದಂಪತಿ ಕೊನೆಗೆ ಯಾವ ತೀರ್ಮಾನಕ್ಕೆ ಬರುತ್ತಾರೋ ಅದು ಅವರದ್ದು. ಆದರೆ ಯೋಚಿಸುವುದಕ್ಕೆ ಸಮಯವನ್ನೇ ಕೊಡದೆ ಅವರನ್ನು ಅಲ್ಲಿ ತಂದು ನಿಲ್ಲಿಸಿದ್ದು ಪರೀಕ್ಷೆಗಳ ಸಾಲು.

ಅದೇ ಸಾಲನ್ನು ತಿರುಗಿಸಿ ಹಾಕಿ. 8ನೇ ವಾರ ಮೊದಲ ಭೇಟಿ. ಸಿಬಿಸಿಯಲ್ಲಿ ಎಂಸಿಎಚ್ 18.6. ಅದೇ ರಕ್ತದ ಕೊಳವೆಯಿಂದಲೇ ಎಚ್‌ಪಿಎಲ್‌ಸಿ, ಅದೇ ವಾರ ಗಂಡನದ್ದೂ. ಕಬ್ಬಿಣದ ಮಾತ್ರೆಯನ್ನು ನಿಲ್ಲಿಸುವ ಅಗತ್ಯವಿಲ್ಲ, ಅದರ ಫಲಿತಾಂಶಕ್ಕೆ ಕಾಯುವ ಅಗತ್ಯವೂ ಇಲ್ಲ. 9ನೇ ವಾರಕ್ಕೆ ಇಬ್ಬರೂ ವಾಹಕರೆಂದು ಗೊತ್ತಾಗುತ್ತದೆ. 11ಕ್ಕೆ ಡಿಎನ್‌ಎ ವರದಿ. 12ರಲ್ಲಿ ಕೋರಿಯಾನಿಕ್ ವಿಲ್ಲಸ್ ಮಾದರಿ, ಅಂದರೆ ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ ಮಾಸಿನ ತುಣುಕು ತೆಗೆಯುವುದು. 13 ಅಥವಾ 14ಕ್ಕೆ ಉತ್ತರ. ಎರಡೂ ದಾರಿಗಳಲ್ಲಿ ಪರೀಕ್ಷೆಗಳು ಹೆಚ್ಚುಕಡಿಮೆ ಅವೇ, ಖರ್ಚೂ ಅಷ್ಟೇ. ಬದಲಾದದ್ದು ಎರಡು: ಬೇಗ ಬಂದದ್ದು, ಮತ್ತು ಮಾತ್ರೆಯ ಫಲಿತಾಂಶಕ್ಕಾಗಲಿ ಹೆಂಡತಿಯ ವರದಿಗಾಗಲಿ ಕಾಯದೆ ಇಬ್ಬರ ಕೊಳವೆಯನ್ನೂ ತುಂಬಿದ್ದು. 14ನೇ ವಾರದಲ್ಲಿ ಬಂದವರಿಗೂ ಎರಡನೆಯದು ಐದಾರು ವಾರ ಉಳಿಸುತ್ತದೆ. ಎಲ್ಲ ಗಂಡಂದಿರಿಗೂ ಎಚ್‌ಪಿಎಲ್‌ಸಿ ಮಾಡಿಸಬೇಕೆಂದಿಲ್ಲ. ಹೆಂಡತಿಯ ಎಂಸಿಎಚ್ 27ಕ್ಕಿಂತ ಕೆಳಗಿದ್ದಾಗ ಗಂಡನಿಗೆ ಕೆಲವು ನೂರು ರೂಪಾಯಿಯ ಸಿಬಿಸಿ ಆ ದಿನವೇ ಆಗಬೇಕು, ಅವನದ್ದೂ ಕೆಳಗಿದ್ದರೆ ಇಬ್ಬರಿಗೂ ಎಚ್‌ಪಿಎಲ್‌ಸಿ. ನಮ್ಮ ಕ್ಲಿನಿಕ್‌ನಲ್ಲಾಗಲಿ ದೊಡ್ಡ ಆಸ್ಪತ್ರೆಯಲ್ಲಾಗಲಿ ಇದನ್ನು ನಿಯಮವಾಗಿ ಬರೆದು ಗೋಡೆಗೆ ಅಂಟಿಸುವುದಕ್ಕೆ ಹೊಸ ಯಂತ್ರ ಯಾವುದೂ ಬೇಕಿಲ್ಲ.

ಮಾಸಿನ ಮಾದರಿ ತೆಗೆಯುವ ಪರೀಕ್ಷೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಯಬೇಕು. ಹಿಮೋಗ್ಲೋಬಿನ್ ದೋಷಗಳ ಪತ್ತೆಯನ್ನು ಆ ಕಾಯ್ದೆಯೇ ಅನುಮತಿಸಿದೆ, ಅದರ ಬಗ್ಗೆ ಹೆದರಿಕೆ ಬೇಡ. ಇಲ್ಲಿ ಆಗುವ ತಪ್ಪು ಬೇರೆ. ತೆಗೆದ ತುಣುಕಿನಲ್ಲಿ ತಾಯಿಯ ಅಂಗಾಂಶ ಬೆರೆತಿದ್ದರೆ ತಾಯಿಯ ಡಿಎನ್‌ಎಯನ್ನೇ ಮಗುವಿನದ್ದೆಂದು ಓದಿಬಿಡಬಹುದು. ಆದ್ದರಿಂದ ಮಾದರಿಯನ್ನು ಸೂಕ್ಷ್ಮದರ್ಶಕದಡಿ ಶುದ್ಧಮಾಡಿ, ತಾಯಿಯ ಕೋಶ ಬೆರೆತಿಲ್ಲ ಎಂಬ ಪರೀಕ್ಷೆಯನ್ನೂ ಜೊತೆಗೆ ಮಾಡಿದ ವರದಿಯನ್ನೇ ಕೇಳಿ ಪಡೆಯಬೇಕು. ತಂದೆತಾಯಿಯ ರೂಪಾಂತರ, ಅಂದರೆ ಜೀನಿನಲ್ಲಿ ಆಗಿರುವ ಬದಲಾವಣೆ, ಮೊದಲೇ ಗೊತ್ತಿದ್ದರೆ ಕೆಲಸ ಸಲೀಸು. ಭಾರತದಲ್ಲಿ ಬಹುಪಾಲು ರೋಗಿಗಳಲ್ಲಿ ಕಾಣುವುದು ಬೆರಳೆಣಿಕೆಯ ಐದು ರೂಪಾಂತರಗಳು, ಅದರಲ್ಲೂ ಹೆಚ್ಚಿನದು ಬೀಟಾ ಜೀನಿನ ಮೊದಲ ಇಂಟ್ರಾನ್ ಎಂಬ ಭಾಗದ ಐದನೇ ಅಕ್ಷರ ಜಿ ಹೋಗಿ ಸಿ ಆಗಿರುವುದು. ಮೂರು ಶತಕೋಟಿ ಅಕ್ಷರಗಳಲ್ಲಿ ಒಂದು.

ಪ್ರಯೋಗಾಲಯದ ತಪ್ಪುಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ನಾರ್ಮಲ್’ ಎಂಬ ತಪ್ಪು ವರದಿ ಪರೀಕ್ಷೆಯೇ ಮಾಡದಿರುವುದಕ್ಕಿಂತ ಕೆಟ್ಟದ್ದು. ಶಿಬಿರಗಳಲ್ಲಿ ತೆಗೆದ ರಕ್ತ ಜಿಲ್ಲೆಯಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ದಿನ ಕಳೆದಿರುತ್ತದೆ. ಹೊರಗಿನ ಬಿಸಿಲಲ್ಲಿ ಇಟ್ಟ ಕೊಳವೆಯಲ್ಲಿ ಕಣಗಳು ನೀರು ಹೀರಿ ಊದುತ್ತವೆ, ಎಂಸಿವಿ ಏರುತ್ತದೆ, ವಾಹಕನ ಅಂಕಿ 80 ದಾಟಿ ಸರಿಯಾಗಿರುವಂತೆ ಕಾಣುತ್ತದೆ. ಎಂಸಿಎಚ್ ಹಾಗೆ ಬದಲಾಗುವುದಿಲ್ಲ. ದೂರದಿಂದ ಬಂದ ಮಾದರಿಯಲ್ಲಿ ಎಂಸಿಎಚ್ ಅನ್ನೇ ನಂಬಬೇಕು. ಎಚ್‌ಪಿಎಲ್‌ಸಿಯಲ್ಲಿ ಎ2 ಸಾಮಾನ್ಯವಾಗಿ 3.5ಕ್ಕಿಂತ ಕಡಿಮೆ, ವಾಹಕರಲ್ಲಿ ಬಹುತೇಕ 4ರಿಂದ 6ರ ಆಸುಪಾಸು. ನಡುವಿನ 3.3ರಿಂದ 3.9 ಎಂಬ ಪಟ್ಟಿಯಲ್ಲೇ ಎಡವುವುದು. ತೀವ್ರ ಕಬ್ಬಿಣದ ಕೊರತೆ ಎ2 ಪ್ರಮಾಣವನ್ನು ಸ್ವಲ್ಪ ಇಳಿಸುತ್ತದೆ, ಬಿ12 ಕೊರತೆ ಏರಿಸಬಲ್ಲದು. ಸಸ್ಯಾಹಾರಿ ಕುಟುಂಬಗಳಲ್ಲಿ ಬಿ12 ಕೊರತೆ ಎಷ್ಟು ಸಾಮಾನ್ಯ ಎಂಬುದು ಇಲ್ಲಿನ ವೈದ್ಯರಿಗೆಲ್ಲ ಗೊತ್ತು. ಗರ್ಭಿಣಿಯಲ್ಲದಿದ್ದರೆ ಕೊರತೆ ಸರಿಪಡಿಸಿ ಎರಡು ಮೂರು ತಿಂಗಳ ನಂತರ ಮತ್ತೆ ಮಾಡಿಸಬಹುದು. ಗರ್ಭಿಣಿಯಾಗಿದ್ದರೆ ಕಾಯಬಾರದು, ಗಂಡನ ವರದಿ ನೋಡಬೇಕು. ಅವನು ಸ್ಪಷ್ಟ ವಾಹಕನಾಗಿದ್ದರೆ ಅವಳಿಗೆ ನೇರ ಡಿಎನ್‌ಎ ಪರೀಕ್ಷೆ. ಈಚೆಗೆ ರಕ್ತ ಹಾಕಿಸಿಕೊಂಡವರ ಎಚ್‌ಪಿಎಲ್‌ಸಿಯಲ್ಲಿ ದಾನಿಯ ಹಿಮೋಗ್ಲೋಬಿನ್ ಕಾಣುತ್ತದೆ, ಸುಮಾರು ಮೂರು ತಿಂಗಳು ಬಿಟ್ಟು ಮಾಡಬೇಕು. ಬಿಳಿಚಿದ ಮಗು ತುರ್ತಾಗಿ ಬಂದಾಗ ಮೊದಲು ಒಂದು ಕೊಳವೆ ರಕ್ತ ತೆಗೆದಿಟ್ಟು ಆಮೇಲೆ ರಕ್ತ ಹಾಕಬೇಕು. ಈ ಚಿಕ್ಕ ಕೆಲಸ ಮರೆತು ತಿಂಗಳುಗಟ್ಟಲೆ ರೋಗನಿರ್ಣಯ ಮುಂದೆ ಹೋಗುವುದು ತೀರಾ ಬೇಸರದ ಸಂಗತಿ. ಹಾಗೆ ಆಗಿಬಿಟ್ಟಿದ್ದರೆ ತಂದೆತಾಯಿಯರ ಎಚ್‌ಪಿಎಲ್‌ಸಿ ದಾರಿ ತೋರಿಸುತ್ತದೆ.

ನೆಸ್ಟ್ರಾಫ್ಟ್ ಎಂಬ ಅಗ್ಗದ ಪರೀಕ್ಷೆಯೂ ಇದೆ. 0.36 ಶೇಕಡಾ ಉಪ್ಪಿನ ದ್ರಾವಣಕ್ಕೆ ಒಂದು ಹನಿ ರಕ್ತ ಬೆರೆಸಿ ಅರ್ಧ ಗಂಟೆ ಬಿಟ್ಟು, ಕೊಳವೆಯ ಹಿಂದೆ ಹಿಡಿದ ಕಪ್ಪು ಗೆರೆ ಕಾಣುತ್ತದೆಯೇ ನೋಡುವುದು. ಮಾಮೂಲಿ ಕಣಗಳು ಒಡೆದು ದ್ರಾವಣ ತಿಳಿಯಾಗುತ್ತದೆ, ವಾಹಕರ ಕಣಗಳು ಒಡೆಯದೆ ಗೆರೆ ಮಸುಕಾಗುತ್ತದೆ. ಸಿಬಿಸಿ ಯಂತ್ರವಿಲ್ಲದ ಹಳ್ಳಿಯಲ್ಲಿ ಇದಕ್ಕೆ ಬೆಲೆಯಿದೆ. ದ್ರಾವಣದ ಸಾಂದ್ರತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಫಲಿತಾಂಶ ಕೆಡುತ್ತದೆ ಎಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಸಿಬಿಸಿ ಬಿಟ್ಟು ಇದನ್ನು ನೆಚ್ಚಿಕೊಳ್ಳಲು ಕಾರಣವಿಲ್ಲ.

ಈ ನಗರದ್ದೇ ಆದ ಇನ್ನೊಂದು ತೊಡಕು, ಇಲ್ಲಿ ದೇಶದ ಎಲ್ಲ ಕಡೆಯ ಹಿಮೋಗ್ಲೋಬಿನ್‌ಗಳೂ ಬಂದು ಸೇರಿವೆ. ಬಂಗಾಳ, ಅಸ್ಸಾಂ ಕಡೆಯವರಲ್ಲಿ ಹಿಮೋಗ್ಲೋಬಿನ್ ಇ ಎಂಬ ಬದಲಾದ ರೂಪ ಸಾಮಾನ್ಯ. ಎಚ್‌ಪಿಎಲ್‌ಸಿಯಲ್ಲಿ ಅದು ಎ2 ಇರುವ ಜಾಗದಲ್ಲೇ ಕಾಣುತ್ತದೆ. ಎ2 ಪ್ರಮಾಣ 25 ಎಂದು ಬಂದರೆ ಅದು ಯಂತ್ರದ ದೋಷವಲ್ಲ, ಇ ವಾಹಕತ್ವ. ಇ ಒಂದೇ ಇದ್ದರೆ ತೊಂದರೆಯಿಲ್ಲ, ಬೀಟಾ ಥಲಸ್ಸೇಮಿಯಾ ಜೊತೆ ಸೇರಿದರೆ ಮಗುವಿಗೆ ಆಗಾಗ ರಕ್ತ ಬೇಕಾಗುವಷ್ಟು ಕಾಯಿಲೆಯಾಗಬಹುದು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ನಲ್ಲಿರುವ ದಂಪತಿಯಾಗಲಿ, ಅದೇ ಕಟ್ಟಡ ಕಟ್ಟಿದ ಕಾರ್ಮಿಕರ ಶೆಡ್‌ನಲ್ಲಿರುವ ದಂಪತಿಯಾಗಲಿ, ಗಂಡನ ಊರು ಹೆಂಡತಿಯ ಊರು ಎರಡನ್ನೂ ಕೇಳಬೇಕು.

ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆ ಸಿಕಲ್ ಸೆಲ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು. ದಕ್ಷಿಣ ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಆ ಬೆಟ್ಟಸಾಲಿನ ಈಚೆಗೆ ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗರು, ಜೇನುಕುರುಬರು, ಯರವರು ಇದ್ದಾರೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು, ಕರ್ನಾಟಕವೂ ಅದರಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಯಿ ಶಿವ ಗೋರ್ತಿ ಅವರ ತಂಡ ರಕ್ತ ಬೆಳಕನ್ನು ಹೀರುವ ಗುಣ ಅಳೆದು ಸಿಕಲ್ ಪತ್ತೆ ಮಾಡುವ ಸಲಕರಣೆ ರೂಪಿಸಿರುವುದೂ ಇದೇ ಅಗತ್ಯಕ್ಕೆ. ಒಳ್ಳೆಯ ಕೆಲಸ. ಆದರೆ ಒಂದು ಎಚ್ಚರ ಬೇಕು. ಸಿಕಲ್ ತಪಾಸಣೆಯ ಕರಗುವಿಕೆ ಪರೀಕ್ಷೆ ಹೇಳುವುದು ಸಿಕಲ್ ತರುವ ಹಿಮೋಗ್ಲೋಬಿನ್ ಎಸ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ. ಹೆಂಡತಿ ಎಸ್ ವಾಹಕಿ, ಗಂಡನ ಪರೀಕ್ಷೆ ‘ಇಲ್ಲ’ ಎಂದು ಬಂತು, ಇಬ್ಬರೂ ನಿರಾಳ. ಗಂಡ ಬೀಟಾ ಥಲಸ್ಸೇಮಿಯಾ ವಾಹಕನಾಗಿದ್ದರೆ ಮಗುವಿಗೆ ಸಿಕಲ್ ಬೀಟಾ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಹಾಗೆಯೇ ಇರುತ್ತದೆ. ಒಬ್ಬರಲ್ಲಿ ಎಸ್ ಕಂಡರೆ ಸಂಗಾತಿಗೆ ಸಿಬಿಸಿ ಮತ್ತು ಎಚ್‌ಪಿಎಲ್‌ಸಿಯೇ ಆಗಬೇಕು.

ಈಗಾಗಲೇ ಹುಟ್ಟಿರುವ ಮಕ್ಕಳ ಬದುಕು ನಿಂತಿರುವುದು ರಕ್ತ ಮತ್ತು ಕಬ್ಬಿಣದ ಲೆಕ್ಕದ ಮೇಲೆ. ರಕ್ತ ಕೊಡುವ ಮೊದಲಿನ ಹಿಮೋಗ್ಲೋಬಿನ್ 9ರಿಂದ 10.5ರ ನಡುವೆ ಇರುವಂತೆ ನೋಡಿಕೊಳ್ಳಬೇಕು. 6, 7ಕ್ಕೆ ಇಳಿದ ಮೇಲೆ ಕೊಡುವುದು ಮಗುವಿಗೆ ಮಾಡುವ ಅನ್ಯಾಯ. ಮಜ್ಜೆ ಹಿಗ್ಗಿ ಕೆನ್ನೆ, ಹಣೆಯ ಎಲುಬು ಉಬ್ಬುತ್ತವೆ, ಗುಲ್ಮ ಬೆಳೆಯುತ್ತದೆ, ಎತ್ತರ ನಿಲ್ಲುತ್ತದೆ. 20 ಕೆಜಿ ತೂಕದ ಮಗುವಿಗೆ ಕೆಜಿಗೆ 15 ಮಿಲಿಯಂತೆ ಒಂದು ಸಲಕ್ಕೆ 300 ಮಿಲಿ, ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಸಲ. ಅಪ್ಪಟ ಕೆಂಪುಕಣದ ಪ್ರತಿ ಮಿಲಿಯಲ್ಲಿ ಸುಮಾರು 1.08 ಮಿಲಿಗ್ರಾಂ ಕಬ್ಬಿಣ. ಚೀಲದಲ್ಲಿ ಕಣಗಳ ಪಾಲು 60 ಶೇಕಡಾ ಎಂದಿಟ್ಟುಕೊಂಡರೆ ಸಲಕ್ಕೆ 190 ಮಿಲಿಗ್ರಾಂ ಚಿಲ್ಲರೆ, ವರ್ಷಕ್ಕೆ 3.3 ಗ್ರಾಂ. ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣವೇ ಮೂರು ನಾಲ್ಕು ಗ್ರಾಂ. ದೇಹಕ್ಕೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿಯೇ ಇಲ್ಲ. ಅದು ಹೃದಯ, ಯಕೃತ್ತು, ಮೇದೋಜೀರಕ, ಪಿಟ್ಯುಟರಿ ಗ್ರಂಥಿಗಳಲ್ಲಿ ಕೂರುತ್ತದೆ. ಹದಿನಾಲ್ಕರ ಹುಡುಗಿ ಮೈನೆರೆಯದಿದ್ದರೆ, ಹುಡುಗನಿಗೆ ಸಕ್ಕರೆ ಕಾಯಿಲೆ ಬಂದರೆ ಅದು ರಕ್ತದ ದೋಷವಲ್ಲ, ತೆಗೆಯದೆ ಬಿಟ್ಟ ಕಬ್ಬಿಣದ್ದು.

10ರಿಂದ 20 ಸಲ ರಕ್ತ ಪಡೆದ ಮೇಲೆ, ಅಥವಾ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಸುಳಿವು ಕೊಡುವ ಫೆರಿಟಿನ್ ಎಂಬ ರಕ್ತದ ಅಂಕಿ 1000 ದಾಟಿದಾಗ ಕಬ್ಬಿಣ ತೆಗೆಯುವ ಔಷಧ ಶುರುವಾಗಬೇಕು. ಡೆಫೆರಾಸಿರಾಕ್ಸ್ ನೀರಲ್ಲಿ ಕರಗಿಸುವ ಮಾತ್ರೆ ಕೆಜಿಗೆ 20ರಿಂದ 40 ಮಿಲಿಗ್ರಾಂ, ದಿನಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ. ಲೋಟದ ತಳದಲ್ಲಿ ಉಳಿಯುವ ಬಿಳಿ ಪುಡಿಗೆ ಮತ್ತೆ ನೀರು ಹಾಕಿ ಕುಡಿಸದಿದ್ದರೆ ಡೋಸಿನ ಒಂದು ಪಾಲು ಲೋಟದಲ್ಲೇ ಹೋಗುತ್ತದೆ. ವಾಂತಿಭೇದಿಯಾದಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಆಗ ವೈದ್ಯರಿಗೆ ತಿಳಿಸಿ ತಾತ್ಕಾಲಿಕವಾಗಿ ನಿಲ್ಲಿಸಬೇಕು. ತಿಂಗಳಿಗೊಮ್ಮೆ ಕ್ರಿಯಾಟಿನಿನ್, ವರ್ಷಕ್ಕೊಮ್ಮೆ ಕಣ್ಣು ಕಿವಿ ಪರೀಕ್ಷೆ. ಡೆಫೆರಿಪ್ರೋನ್ ಹೃದಯದ ಕಬ್ಬಿಣ ತೆಗೆಯುವುದರಲ್ಲಿ ಚೆನ್ನ, ಆದರೆ ಬಿಳಿ ರಕ್ತಕಣಗಳನ್ನು ದಿಢೀರನೆ ಇಳಿಸಬಲ್ಲದು. ಅದನ್ನು ತೆಗೆದುಕೊಳ್ಳುವ ಮಗುವಿಗೆ ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಆ ದಿನವೇ ಸಿಬಿಸಿ ಮಾಡಿಸಬೇಕು, ಮರುದಿನಕ್ಕೆ ಬಿಡಬಾರದು. ಫೆರಿಟಿನ್ ಒಂದನ್ನೇ ನೆಚ್ಚಿಕೊಂಡರೂ ಮೋಸ ಹೋಗುತ್ತೇವೆ. ಸೋಂಕಿದ್ದಾಗ ಅದು ಸುಳ್ಳಾಗಿ ಏರುತ್ತದೆ, ಒಮ್ಮೊಮ್ಮೆ ಅದು ತಗ್ಗಿದ್ದರೂ ಹೃದಯದಲ್ಲಿ ಕಬ್ಬಿಣ ಇರುತ್ತದೆ. ಟಿ2 ಸ್ಟಾರ್ ಎಂಆರ್‌ಐಯಲ್ಲಿ ಹೃದಯದ ಅಂಕಿ 20 ಮಿಲಿಸೆಕೆಂಡಿಗಿಂತ ಕಡಿಮೆ ಬಂದರೆ ಕಬ್ಬಿಣ ಕೂತಿದೆ, 10ಕ್ಕಿಂತ ಕಡಿಮೆಯಾದರೆ ಅಪಾಯದ ಅಂಚು.

ರಕ್ತದ ವಿಷಯದಲ್ಲಿ ಎರಡು ಮಾತು. ಎಬಿಒ, ಡಿ ಜೊತೆಗೆ ಸಿ, ಇ, ಕೆಲ್ ಗುಂಪುಗಳನ್ನೂ ಮೊದಲ ರಕ್ತ ಕೊಡುವ ಮುನ್ನವೇ ಗುರುತಿಸಿ ಬರೆದಿಟ್ಟುಕೊಂಡರೆ ಪ್ರತಿಕಾಯಗಳು ಬೆಳೆಯುವುದು ಕಡಿಮೆಯಾಗುತ್ತದೆ. ಇನ್ನೊಂದು, ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳು ಇಳಿಯುತ್ತವೆ, ಈ ಮಕ್ಕಳ ಮೂರು ವಾರದ ಲೆಕ್ಕಕ್ಕೆ ಮಾತ್ರ ರಜೆಯಿಲ್ಲ. ದಾನ ಮಾಡುವ ಮನಸ್ಸಿರುವವರು ಆ ತಿಂಗಳುಗಳನ್ನು ಆರಿಸಿಕೊಂಡರೆ ದೊಡ್ಡ ಉಪಕಾರ.

ಪೂರ್ತಿ ಗುಣಪಡಿಸುವ ದಾರಿ ಸದ್ಯಕ್ಕೆ ಮಜ್ಜೆ ಕಸಿ. ಒಡಹುಟ್ಟಿದವರೊಬ್ಬರ ಎಚ್‌ಎಲ್‌ಎ, ಅಂದರೆ ಅಂಗಾಂಶದ ಗುರುತು, ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚಿಕ್ಕ ವಯಸ್ಸಿನಲ್ಲಿ, ಯಕೃತ್ತು ಊದುವ ಮೊದಲು, ಕಬ್ಬಿಣ ಹಿಡಿತದಲ್ಲಿರುವಾಗ ಮಾಡಿದರೆ ಫಲಿತಾಂಶ ಬಹಳ ಚೆನ್ನಾಗಿರುತ್ತದೆ. ಆದ್ದರಿಂದ ಕಬ್ಬಿಣ ತೆಗೆಯುವ ಔಷಧ ತಪ್ಪಿಸದೆ ಕೊಡುವುದೇ ಕಸಿಯ ಮೊದಲ ತಯಾರಿ. ಕಸಿಯ ಯೋಚನೆ ಇದ್ದರೆ ರಕ್ತ ಸಂಬಂಧಿಕರಿಂದ ಮಗುವಿಗೆ ರಕ್ತ ಕೊಡಿಸಬಾರದು. ಪ್ರೀತಿಯಿಂದ ಚಿಕ್ಕಪ್ಪ ಕೊಟ್ಟ ರಕ್ತವೇ ಮುಂದೆ ಕಸಿ ತಿರಸ್ಕೃತವಾಗಲು ಕಾರಣವಾಗಬಹುದು. ಖರ್ಚು ಹತ್ತು ಲಕ್ಷ ದಾಟುತ್ತದೆ. ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಅರ್ಹ ಕುಟುಂಬಗಳಿಗೆ 10 ಲಕ್ಷದವರೆಗೆ ನೆರವು ಕೊಡುತ್ತದೆ. ಮನೆಯಲ್ಲಿ ಹೊಂದುವ ದಾನಿ ಸಿಗದವರಿಗೆ ಬೆಂಗಳೂರಿನ ಡಿಕೆಎಂಎಸ್ ದಾನಿ ನೋಂದಣಿಯಂಥವು ಇವೆ.

ಜೀನ್ ತಿದ್ದುವ ಚಿಕಿತ್ಸೆಯ ಸುದ್ದಿ ಓದಿ ಆಸೆಪಟ್ಟು ಕೇಳುವ ತಂದೆತಾಯಿಯರಿಗೆ ನೇರವಾಗಿ ಹೇಳಬೇಕಾದದ್ದಿದೆ. ಭ್ರೂಣದ ಹಿಮೋಗ್ಲೋಬಿನ್ ಅನ್ನು ಅದುಮಿಡುವ ಸ್ವಿಚ್ ಬಿಸಿಎಲ್11ಎ ಎಂದು 2008ರಲ್ಲಿ ಹಾರ್ವರ್ಡ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ತಂಡ ತೋರಿಸಿತು. ಆ ಸ್ವಿಚ್ಚನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕತ್ತರಿಸುವ ಕ್ಯಾಸ್‌ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ನಂತರ ಅಮೆರಿಕ ಒಪ್ಪಿಗೆ ಕೊಟ್ಟವು. ಗಾಮಾ ಮರಳಿ ಬಂದು ಆಲ್ಫಾಗೆ ಜೊತೆಯಾಗುತ್ತದೆ, 1965ರ ಅದೇ ತಕ್ಕಡಿ. ರೋಗಿಯ ಕಾಂಡಕೋಶಗಳನ್ನು ತೆಗೆದು ತಿದ್ದಿ, ಬುಸಲ್ಫಾನ್ ಎಂಬ ಔಷಧದಿಂದ ಹಳೆಯ ಮಜ್ಜೆಯನ್ನು ನಾಶಮಾಡಿ, ತಿದ್ದಿದವನ್ನು ಮರಳಿ ಹಾಕುತ್ತಾರೆ. ಬಂಜೆತನ, ಸೋಂಕಿನ ಅಪಾಯ ಕಸಿಯಲ್ಲಿರುವಂತೆ ಇಲ್ಲೂ ಇವೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ದೆಹಲಿಯ ಜೀನೋಮ್ ಸಂಶೋಧನಾ ಸಂಸ್ಥೆ ಐಜಿಐಬಿಯಲ್ಲಿ ದೇವಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಅವರ ತಂಡ ಸಿಕಲ್ ಸೆಲ್‌ಗಾಗಿ ಸ್ವದೇಶಿ ಕ್ರಿಸ್ಪರ್ ದಾರಿ ಹುಡುಕುತ್ತಿದೆ. ಅದು ಕೈಗೆಟುಕುವವರೆಗೆ ಮಗುವಿನ ಹೃದಯ ಕಬ್ಬಿಣವಿಲ್ಲದೆ ಉಳಿಯಬೇಕು, ಅದಕ್ಕೆ ಇಂದಿನ ಮಾತ್ರೆಯೇ ಬೇಕು.

ಕೊನೆಗೆ, ಕಡಿಮೆ ಖರ್ಚಿನಲ್ಲಿ ಹೆಚ್ಚು ವಾಹಕರನ್ನು ಹುಡುಕುವ ದಾರಿ ಈ ಮಕ್ಕಳಿಗೆ ರಕ್ತ ಹಾಕುವ ನಗರದ ಡೇ ಕೇರ್ ಕೇಂದ್ರಗಳಲ್ಲೇ ಕೂತಿದೆ. ರಕ್ತ ಹಾಕಿಸಿಕೊಳ್ಳುವ ಪ್ರತಿ ಮಗುವಿನ ತಂದೆಯೂ ವಾಹಕ, ತಾಯಿಯೂ ವಾಹಕಿ. ಅವರ ಒಡಹುಟ್ಟಿದ ಒಬ್ಬೊಬ್ಬರೂ ವಾಹಕರಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಸಾವಿರ ಅಪರಿಚಿತರನ್ನು ಪರೀಕ್ಷಿಸಿದರೆ ಸಿಗುವುದು ಮೂವತ್ತು ನಲವತ್ತು ವಾಹಕರು. ಅದೇ ಸಾವಿರ ಮಂದಿ ಈ ಮಕ್ಕಳ ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮಂದಿರಾದರೆ ಐನೂರರ ಹತ್ತಿರ. ಮುಂದಿನ ಸಲ ಮಗುವಿಗೆ ರಕ್ತ ಹಾಕಿಸಲು ಬರುವಾಗ ಇನ್ನೂ ಮದುವೆಯಾಗದ ಚಿಕ್ಕಮ್ಮನನ್ನು, ಈಚೆಗೆ ಮದುವೆಯಾದ ಮಾವನನ್ನು ಜೊತೆಗೆ ಕರೆತನ್ನಿ ಎಂದು ಕೌನ್ಸೆಲರ್ ಹೇಳಬೇಕು. ಮಗುವಿನ ಚೀಲ ಮುಗಿಯುವ ಮೂರು ನಾಲ್ಕು ಗಂಟೆಯಲ್ಲಿ ಅವರ ಎರಡು ಮಿಲಿ ರಕ್ತ ತೆಗೆಯಲು ಎರಡು ನಿಮಿಷ ಸಾಕು.